ಕಂಪ್ಯೂಟರಿನಲ್ಲಿ ತೀರಿಕೊಂಡ ಯಮುನಕ್ಕ

ಮದುವೆಯ ಆಮಂತ್ರಣ ಪತ್ರಿಕೆ ಕೈಗೆ ಬಂದರೆ ಬೇರೆಯವರು ಮುಹೂರ್ತ ನೋಡುತ್ತಾರೆ, ಊಟದ ಹೊತ್ತು ನೋಡುತ್ತಾರೆ. ನಾನು ನೋಡುವುದು ಒಂದೇ ಮನುಷ್ಯ ಎರಡು ಕಡೆ ಅಚ್ಚಾಗಿದ್ದಾನೆಯೇ ಎಂದು. ಕರೆಯುವವರ ಸಾಲಿನಲ್ಲೂ ಇದ್ದು, ಕೆಳಗೆ ಆಗಮನ ಬಯಸುವವರ ಗುಂಪಿನಲ್ಲೂ ಇದ್ದರೆ ನನ್ನ ಕೈ ತಾನಾಗಿ ಪೆನ್ನಿಗೆ ಹೋಗುತ್ತದೆ, ಒಂದಕ್ಕೆ ಗೀಟು ಬೀಳುತ್ತದೆ. ಮೊನ್ನೆ ಹಾಗೆ ಮಾಡಿ ನನ್ನ ಸ್ವಂತ ಭಾವನನ್ನೇ ಅವರ ಮಗಳ ಮದುವೆಯಿಂದ ತೆಗೆದುಹಾಕಿದ್ದೆ. ನನ್ನ ಗಂಡ ಅದನ್ನು ನೋಡಿ, “ನಿಂಗೆ ಸ್ವಲ್ಪ ದಿನ ರಜೆ ಬೇಕು” ಎಂದರು. ಅವರು ನನ್ನ ಬಗ್ಗೆ ಕಾಳಜಿ ತೋರಿಸಿದ್ದು ಬಹಳ ಕಾಲದ ಮೇಲೆ, ಹಾಗಾಗಿ ವಿಷಯ ಗಂಭೀರವೇ ಇರಬೇಕು ಎಂದುಕೊಂಡೆ.

ಈ ರೋಗ ಹತ್ತಿದ್ದು ಕಚೇರಿಯಿಂದ. ನಾನಿರುವುದು ಅಡಿಕೆ ಬೆಳೆಗಾರರ ಒಂದು ಸಹಕಾರಿ ಸಂಘದಲ್ಲಿ, ಸದಸ್ಯತ್ವ ವಿಭಾಗದ ಮೇಲ್ವಿಚಾರಕಿಯಾಗಿ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಬೇರೆ ಬೇರೆಯಾಗಿದ್ದ ಮೂರು ಸಂಘಗಳು ಒಂದು ಒಳ್ಳೆಯ ದಿನ ನೋಡಿ ಒಂದಾದವು. ಒಂದಾದವು ಎಂದರೆ ಬೋರ್ಡು ಒಂದಾಯಿತು, ಅಧ್ಯಕ್ಷರು ಒಬ್ಬರಾದರು, ಲೆಟರ್‌ಹೆಡ್ಡು ಒಂದಾಯಿತು. ಸದಸ್ಯರ ಹೆಸರುಗಳು ಮಾತ್ರ ಎಲ್ಲಿದ್ದವೋ ಅಲ್ಲೇ ಉಳಿದವು. ಅದೂ ಶಾಖೆಗೊಂದು ಪಟ್ಟಿಯಾಗಿದ್ದರೆ ಪರವಾಗಿರಲಿಲ್ಲ. ಅಡಿಕೆ ವ್ಯಾಪಾರದ ಅಂಗಳಕ್ಕೆ ಒಂದು, ಗೊಬ್ಬರದ ಮಳಿಗೆಗೆ ಒಂದು, ಕಿರಾಣಿಗೆ ಒಂದು, ಔಷಧದ ಅಂಗಡಿಗೆ ಒಂದು, ಪೆಟ್ರೋಲ್ ಬಂಕಿಗೆ ಒಂದು. ಒಬ್ಬನೇ ಸದಸ್ಯ ಪ್ರತಿ ಕೌಂಟರಿನಲ್ಲೂ ಬೇರೆ ಬೇರೆ ಹೆಸರಿನಿಂದ ಸುಖವಾಗಿದ್ದ. ಅಂಗಳದಲ್ಲಿ ಇನಿಶಿಯಲ್ಲು ಸಮೇತ ಹೆಗಡೆಯವರು, ಗೊಬ್ಬರದ ಮಳಿಗೆಯಲ್ಲಿ ಮೇಲಿನಮನೆ ಗಣಪಣ್ಣ, ಕಿರಾಣಿಯಲ್ಲಿ ಬರೀ ‘ಮಾಸ್ತರು’, ಅವರು ಮಾಸ್ತರಿಕೆ ಬಿಟ್ಟು ಎಷ್ಟೋ ಕಾಲವಾಗಿದ್ದರೂ.

ನನ್ನ ವಿಷಯವನ್ನೇ ಹೇಳುತ್ತೇನೆ. ಗ್ಯಾಸ್ ಏಜೆನ್ಸಿಯ ಪುಸ್ತಕದಲ್ಲಿ ನನ್ನ ಹೆಸರು ಏನಿತ್ತು ಗೊತ್ತೇ? ‘ಕೇಳ್ತಾ’. ನನ್ನ ಗಂಡ ಹಳೆಯ ಸಂಪ್ರದಾಯದವರು, ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ, ‘ಕೇಳಿಸಿತಾ’ ಎಂಬ ಅರ್ಥದಲ್ಲಿ ‘ಕೇಳ್ತಾ’ ಎನ್ನುತ್ತಾರೆ. ಸಿಲಿಂಡರ್ ತಂದವನು ಅದನ್ನೇ ನನ್ನ ಹೆಸರು ಅಂದುಕೊಂಡು ಬರೆದುಕೊಂಡು ಹೋಗಿದ್ದ. ಔಷಧದ ಅಂಗಡಿಯಲ್ಲಿ ನಾನು ‘ಶುಗರ್ ಮೇಡಂ’. ಕಿರಾಣಿಯಲ್ಲಿ ಮಾತ್ರ ಒಳ್ಳೆಯ ಗೌರವದ ಗಿರಾಕಿ, ಜೋನಿಬೆಲ್ಲ ಬಂದ ಕೂಡಲೇ ನನಗೆ ಫೋನು. ಈ ಇಬ್ಬರು ಹೆಂಗಸರೂ ಒಬ್ಬಳೇ ಎಂದು ಎರಡೂ ಅಂಗಡಿಗೆ ಗೊತ್ತಿರಲಿಲ್ಲ ಎಂಬುದರ ಮೇಲೆ ನನ್ನ ಸಂಸಾರದ ನೆಮ್ಮದಿ ನಿಂತಿತ್ತು. ಮಾಹಿತಿ ಚೂರುಚೂರಾಗಿ ಹರಡಿರುವುದು ದೊಡ್ಡ ಸಂಸ್ಥೆಗೆ ಕಷ್ಟ ನಿಜ, ಆದರೆ ಸಣ್ಣ ಮನುಷ್ಯರಿಗೆ ಅದರಿಂದ ಆಗುವ ಉಪಕಾರದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಹೀಗಿರುವಾಗ ಆಡಳಿತ ಮಂಡಳಿಯವರು ಎಲ್ಲ ಪಟ್ಟಿಗಳನ್ನೂ ಕಂಪ್ಯೂಟರಿನಲ್ಲಿ ಒಂದು ಮಾಡಬೇಕು ಎಂದು ಠರಾವು ಮಾಡಿದರು. ಕೆಲಸಕ್ಕೆ ಬಂದವನು ಬಸವರಾಜ. ಬನವಾಸಿ ಕಡೆಯವನು, ಲೆಕ್ಕಕ್ಕಿಂತ ಜಾಸ್ತಿ ಉತ್ಸಾಹ, ಎದುರು ಯಾರೇ ನಿಂತರೂ “ಬರ್ರಿ, ಕುಂದರ್ರಿ” ಎನ್ನುವ ಒಳ್ಳೆಯ ನಾಲಿಗೆ. “ಒಂದs ಹೆಸರು, ಒಂದs ಅಪ್ಪನ ಹೆಸರು ಇದ್ರ ಇಬ್ಬರೂ ಒಬ್ಬರ ಅಂತ ಅದಕ್ಕ ಹೇಳಿಕೊಟ್ಟೇನ್ರಿ ಮೇಡಂ” ಎಂದು ಗುಂಡಿ ಒತ್ತಿದ. ಪಾಪ, ಅವನಿಗೆ ನಮ್ಮ ಸೀಮೆಯ ಪದ್ಧತಿ ತಿಳಿದಿರಲಿಲ್ಲ. ಇಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರೆ. ರಾಮನ ಮಗ ಗಣಪತಿ, ಗಣಪತಿಯ ಮಗ ರಾಮ, ಆ ರಾಮನ ಮಗ ಮತ್ತೆ ಗಣಪತಿ. ಕಂಪ್ಯೂಟರು ಅಜ್ಜನನ್ನೂ ಮೊಮ್ಮಗನನ್ನೂ ಹಿಡಿದು ಒಂದೇ ಮನುಷ್ಯ ಮಾಡಿತು. ಬೆಳಿಗ್ಗೆ ಮಂಡಿನೋವಿನ ಎಣ್ಣೆ ಕೊಂಡು, ಅದೇ ಮಧ್ಯಾಹ್ನ ಮೋಟಾರ್ ಬೈಕಿಗೆ ಪೆಟ್ರೋಲು ತುಂಬಿಸಿಕೊಂಡು, ಸಂಜೆ ಕೂಸಿನ ಪೌಡರ್ ಒಯ್ಯುವ ಮಹಾಪುರುಷರು ನಮ್ಮ ಸಂಘದಲ್ಲಿ ಊರೂರಿಗೆ ಹುಟ್ಟಿಕೊಂಡರು.

ಹಾಗಾದರೆ ಫೋನ್ ನಂಬರು ನೋಡೋಣ ಎಂದ ಬಸವರಾಜ. ಅದಕ್ಕೂ ನಾನೇ ಅಡ್ಡ ಬರಬೇಕಾಯಿತು. ನಮ್ಮ ಘಟ್ಟದ ಕೆಲವು ಊರುಗಳಲ್ಲಿ ರೇಂಜು ಸಿಗುವುದು ಯಾವುದೋ ಒಂದು ಮನೆಯ ಅಂಗಳದಲ್ಲಿ ಮಾತ್ರ. ಆ ಮನೆಯವರ ನಂಬರನ್ನೇ ಇಡೀ ಊರು ತನ್ನದೆಂದು ಬರೆಸಿರುತ್ತದೆ. ಬಸವರಾಜನ ಲೆಕ್ಕ ಹಿಡಿದರೆ ಊರಿಗೆ ಊರೇ ಒಬ್ಬ ಸದಸ್ಯನಾಗುತ್ತಿತ್ತು.

ಆ ದಿನಗಳಲ್ಲಿ ನನಗೆ ವೇದಾಂತ ಹೊಳೆಯತೊಡಗಿತು. ಸ್ವರ್ಣವಲ್ಲಿ ಮಠದ ಕಡೆ ಪ್ರವಚನ ಕೇಳಿ ಬಂದ ದಿನ ರಾತ್ರಿ ಅನ್ನ ತಳ ಹಿಡಿಸುವ ಜಾತಿ ನಾನು, ಆದರೂ ಹೇಳುತ್ತೇನೆ. ದೊಡ್ಡ ಸಂಸ್ಥೆಯಲ್ಲಿ ಇರುವುದು ಎರಡೇ ಮತ. ಪ್ರಧಾನ ಕಚೇರಿಯವರು ಅದ್ವೈತಿಗಳು: ಹೆಸರು ರೂಪಗಳೆಲ್ಲ ಸುಳ್ಳು, ಒಳಗಿರುವುದು ಒಂದೇ, ಅದಕ್ಕೊಂದು ನಂಬರು. ಶಾಖೆಯವರು ಪಕ್ಕಾ ದ್ವೈತಿಗಳು: ಅಡಿಕೆ ಮಾರಿದವನು ಬೇರೆ, ಎಣ್ಣೆ ಕೊಂಡವನು ಬೇರೆ, ಭೇದವೇ ಸತ್ಯ. ಎರಡೂ ಕಡೆಯವರ ನಡುವೆ ದಿನಾ ವಾದ, ದಿನಾ ಟಪ್ಪಾಲು. ಪರಮಾತ್ಮನಿಗೆ ಸಾವಿರ ಹೆಸರಿದ್ದರೂ ಅವನು ಸಹಕಾರಿ ಸಂಘದ ಸದಸ್ಯನಾಗಲಿಲ್ಲ, ಬುದ್ಧಿವಂತ.

ಇಲ್ಲಿಗೆ ಸಾವಿತ್ರಕ್ಕನ ಕತೆ ಬರುತ್ತದೆ. ಸಾವಿತ್ರಕ್ಕ ಸಿದ್ದಾಪುರ ತಾಲೂಕಿನವರು, ನನಗೆ ದೂರದ ನೆಂಟರು, ಅರವತ್ತು ದಾಟಿದ ಗಟ್ಟಿ ಹೆಂಗಸು. ಅವರ ತವರು ಯಲ್ಲಾಪುರದ ಉಮ್ಮಚಗಿ ಕಡೆ. ತವರಿನಲ್ಲಿ ಅವರ ಹೆಸರು ಯಮುನಾ. ಆ ಕಾಲದಲ್ಲಿ ನಮ್ಮಲ್ಲಿ ಮದುವೆಯ ದಿನ ಹುಡುಗಿಯ ಹೆಸರು ಬದಲಿಸುವ ಪದ್ಧತಿ ಇತ್ತು. ಹರಿವಾಣದಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಹೊಸ ಹೆಸರು ಬರೆದರೆ ಮುಗಿಯಿತು, ಯಮುನಾ ಹೋಗಿ ಸಾವಿತ್ರಿ ಬಂದಳು. ಎಂಥ ಚುರುಕಿನ ವ್ಯವಸ್ಥೆ ನೋಡಿ, ಬಸವರಾಜನ ಕಂಪ್ಯೂಟರು ವರ್ಷಗಟ್ಟಲೆ ಮಾಡಿದ್ದನ್ನು ನಮ್ಮವರು ಒಂದು ಹರಿವಾಣದಲ್ಲಿ ಮುಗಿಸುತ್ತಿದ್ದರು. ಆದರೆ ಹಳೆಯ ಹೆಸರನ್ನು ತೆಗೆಯಬೇಕು ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಮದುವೆಗೆ ಮುಂಚೆ ಅಪ್ಪ ಯಲ್ಲಾಪುರದಲ್ಲಿ ಮಗಳ ಹೆಸರಿಗೆ ಒಂದು ಷೇರು ಹಾಕಿಸಿದ್ದರು, ಅರಿಶಿನ ಕುಂಕುಮಕ್ಕೆಂದು ತೋಟದ ಒಂದು ತುಂಡನ್ನೂ ಕೊಟ್ಟಿದ್ದರು. ಆ ತುಂಡಿನ ಅಡಿಕೆ, ಕಾಳುಮೆಣಸನ್ನು ಸಾವಿತ್ರಕ್ಕ ಇವತ್ತಿಗೂ ತಾವೇ ನಿಂತು ಕೊಯ್ಲು ಮಾಡಿಸಿ ಯಲ್ಲಾಪುರದ ಅಂಗಳಕ್ಕೆ ತರುತ್ತಾರೆ, ಯಮುನಾ ಎಂಬ ಹೆಸರಿನಲ್ಲಿ. ಇತ್ತ ಸಿದ್ದಾಪುರದಲ್ಲಿ ಗಂಡ ಅವರನ್ನು ಸಾವಿತ್ರಿಯಾಗಿ ಸದಸ್ಯೆ ಮಾಡಿಸಿದ್ದರು. ಅಲ್ಲಿ ವ್ಯವಹಾರವೆಲ್ಲ ಗಂಡನ ಹೆಸರಿನಲ್ಲಿ. ಸಾವಿತ್ರಿಯ ಪಾಲಿಗಿದ್ದದ್ದು ವಾರ್ಷಿಕ ಸಭೆಗೆ ಹೋಗಿ ಸಹಿ ಹಾಕುವುದು, ವರದಿ ಓದುವಾಗ ಕೂರುವುದು.

ಕೂತಲ್ಲೇ ಸುಮ್ಮನಿರುವ ಜನ ಅಲ್ಲ ಅವರು. ಪ್ರತಿ ಸಭೆಯಲ್ಲೂ ಎದ್ದು ನಿಂತು ಒಂದೇ ಮಾತು ಕೇಳುತ್ತಿದ್ದರು: ವ್ಯಾಪಾರದ ಅಂಗಳದಲ್ಲಿ ಹೆಂಗಸರಿಗೊಂದು ಶೌಚಾಲಯ ಕಟ್ಟಿಸಿ. ಗಂಡಸರಿಗೆ ಗೋದಾಮಿನ ಹಿಂದುಗಡೆ ವಿಶಾಲ ಜಗತ್ತೇ ಇದೆ. ಮೂಟೆ ತಂದ ಹೆಂಗಸರು ಮಾತ್ರ ಬೆಳಿಗ್ಗೆಯಿಂದ ನೀರು ಕುಡಿಯದೆ, ಅಡಿಕೆಗೆ ಬೆಲೆ ಕಟ್ಟುವ ಟೆಂಡರು ಮುಗಿಯುವವರೆಗೆ ಹಲ್ಲು ಕಚ್ಚಿ ಕೂರಬೇಕು. ಅಧ್ಯಕ್ಷರು ಪ್ರತಿ ಸಲ “ಪರಿಶೀಲಿಸಲಾಗುವುದು” ಎನ್ನುತ್ತಿದ್ದರು. ಸಾವಿತ್ರಕ್ಕನಿಗೆ ಕೊನೆಗೆ ರೇಗಿತು. “ಒಳಗೆ ಕೂತವಕ್ಕೆ ಹೊರಗಿದ್ದವರ ಅವಸರ ಗೊತ್ತಾಗ್ತಿಲ್ಲೆ ತಂಗಿ. ಆನೇ ಒಳಗೆ ಹೋಗ್ತೆ” ಎಂದರು ನನ್ನ ಹತ್ತಿರ. ಆಡಳಿತ ಮಂಡಳಿಯ ಮಹಿಳಾ ಸ್ಥಾನಕ್ಕೆ ಚುನಾವಣೆಗೆ ನಿಲ್ಲುವುದೆಂದು ಅವರು ನಿಶ್ಚಯ ಮಾಡಿಬಿಟ್ಟಿದ್ದರು. ಆ ಸ್ಥಾನದಲ್ಲಿ ಅಲ್ಲಿಯವರೆಗೆ ಕೂತವರೆಲ್ಲ ಯಾರಾದರೊಬ್ಬ ನಿರ್ದೇಶಕರ ನಾದಿನಿಯೋ ಅತ್ತಿಗೆಯೋ ಆಗಿದ್ದವರು, ಚಹಾ ಕುಡಿದು ಸಹಿ ಹಾಕಿ ಹೋಗುವವರು.

ಚುನಾವಣೆಗೆ ನಿಲ್ಲಲು ನಿಯಮ ಸರಳ. ಸದಸ್ಯರು ಸಂಘದ ಜೊತೆ ವ್ಯವಹಾರ ಮಾಡಿರಬೇಕು, ವಾರ್ಷಿಕ ಸಭೆಗೂ ಬಂದಿರಬೇಕು. ವ್ಯವಹಾರ ಮಾಡಿದವಳು ಯಮುನಾ, ಅವಳು ಒಂದು ಸಭೆಗೂ ಬಂದಿಲ್ಲ. ಸಭೆಗೆ ಬಂದವಳು ಸಾವಿತ್ರಿ, ಅವಳು ಒಂದು ಅಡಿಕೆಯನ್ನೂ ಮಾರಿಲ್ಲ. ಬೇರೆ ಬೇರೆ ನೋಡಿದರೆ ಇಬ್ಬರೂ ಅನರ್ಹರು, ಕೂಡಿಸಿ ನೋಡಿದರೆ ಇಡೀ ಸಂಘದಲ್ಲಿ ಅವರಷ್ಟು ಅರ್ಹರು ಇನ್ನೊಬ್ಬರಿಲ್ಲ. ಕೂಡಿಸುವುದು ನನ್ನ ಕೆಲಸ. ಮಾಡಿದರಾಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ಸಾವಿತ್ರಕ್ಕ ಒಂದು ಬೆಳಿಗ್ಗೆ ಕಚೇರಿಗೆ ಬಂದು, ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು, “ತಂಗಿ, ಯಮುನಾ ತೀರಿಹೋತಡ. ಎಂಗೆ ಸೂತಕ ಎಷ್ಟು ದಿನ ಹೇಳಿ ಕೇಳಲೆ ಬಂದೆ” ಎಂದರು.

ಮೊಬೈಲಿನಲ್ಲಿ ನಮ್ಮ ಸಂಘದ್ದೇ ಸಂದೇಶ. ಸದಸ್ಯೆ ಯಮುನಾ ಅವರ ನಿಧನಕ್ಕೆ ಸಂಘ ತೀವ್ರ ಸಂತಾಪ ವ್ಯಕ್ತಪಡಿಸುತ್ತದೆ ಎಂದಿತ್ತು. ಕೆಳಗೆ, ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯೇ, ತಂದಿದ್ದರೆ ಒಂದನ್ನು ಒತ್ತಿ, ಇಲ್ಲವಾದರೆ ಎರಡನ್ನು ಒತ್ತಿ ಎಂದೂ ಇತ್ತು. ಸಾವಿತ್ರಕ್ಕ ಎರಡನ್ನು ಒತ್ತಿದ್ದರಂತೆ.

ಯಲ್ಲಾಪುರ ಶಾಖೆಯ ಗುಮಾಸ್ತ ನಾಗೇಶನಿಗೆ ಫೋನು ಹಚ್ಚಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ತಾಲೂಕು ಬಿಟ್ಟು ಹೋದ ಸದಸ್ಯರ ಹೆಸರು ಮುಚ್ಚಿ, ಕಾರಣ ತೋರಿಸಿ ಎಂದು ಪ್ರಧಾನ ಕಚೇರಿಯಿಂದ ಆದೇಶ ಹೋಗಿತ್ತು. ಯಮುನಕ್ಕ ಮದುವೆಯಾಗಿ ಸಿದ್ದಾಪುರಕ್ಕೆ ಹೋದವರು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮುಚ್ಚಲು ಹೋದರೆ ಕಂಪ್ಯೂಟರು ಮೂರೇ ಕಾರಣ ಕೊಟ್ಟಿತು: ರಾಜೀನಾಮೆ, ಉಚ್ಚಾಟನೆ, ಮರಣ. ಮದುವೆ ಎಂಬುದು ಇರಲಿಲ್ಲ. “ರಾಜೀನಾಮೆ ಅವರು ಕೊಟ್ಟಿರಲಿಲ್ಲ ಮೇಡಂ, ಸುಳ್ಳು ಬರೀಲಿಕ್ಕೆ ಆಗೂದಿಲ್ಲ. ಉಚ್ಚಾಟನೆ ಅಂದ್ರೆ ಮರ್ಯಾದಸ್ಥ ಹೆಂಗಸರಿಗೆ ಎಂಥ ಅವಮಾನ. ಹಾಗಾಗಿ ಮರಣ ಹಾಕ್ದೆ” ಎಂದ. ಯಮುನಕ್ಕನನ್ನು ಇತ್ತೀಚೆಗೆ ನೋಡಿದ್ದೀಯಾ ಎಂದು ಕೇಳಿದೆ. ಹಿಂದಿನ ದಿನವೇ ಮೆಣಸು ತಂದಿದ್ದರು, ಆರೋಗ್ಯವಾಗಿದ್ದಾರೆ ಎಂದ.

ನನಗೆ ನಗು ಬಂತು, ಸಿಟ್ಟೂ ಬಂತು. ಆದರೆ ನಾಗೇಶನ ಮೇಲೆ ಹೇಗೆ ಸಿಟ್ಟು ಮಾಡುವುದು? ಒಬ್ಬ ಹೆಂಗಸಿನ ಮಾನ ಉಳಿಸಲು ಅವಳ ಪ್ರಾಣ ತೆಗೆದವನು ಅವನು, ನಮ್ಮ ಕಡೆಯ ಸೌಜನ್ಯ ಅಂದರೆ ಹೀಗೇ ಇರುತ್ತದೆ. ಬಸವರಾಜನಿಗೆ ಹೇಳಿದೆ. ಅವನು ಬಹಳ ಹೊತ್ತು ಏನೇನೋ ಒತ್ತಿ ನೋಡಿ ತಲೆ ಕೆರೆದುಕೊಂಡ. “ಸತ್ತೋರನ್ನ ಎಬ್ಬಸೂ ಗುಂಡಿ ನಾ ಇಟ್ಟಿಲ್ರಿ ಮೇಡಂ. ಅಂಥಾ ಅವಶ್ಯಕತೆ ಬರ್ತದಂತ ಅನ್ಕೊಂಡಿರ್ಲಿಲ್ಲ” ಎಂದ. ಮತದಾರರ ಪಟ್ಟಿ ಅಂತಿಮವಾಗುವ ದಿನ ಹತ್ತಿರ ಬಂದಿತ್ತು. ಅದಾದ ಮೇಲೆ ಚುನಾವಣಾಧಿಕಾರಿ ಹೇಳದೆ ಒಂದು ಅಕ್ಷರವನ್ನೂ ಮುಟ್ಟುವ ಹಾಗಿಲ್ಲ. ಸಾವಿತ್ರಕ್ಕ ಈ ಸಲ ನಿಲ್ಲದಿದ್ದರೆ ಮತ್ತೆ ಐದು ವರ್ಷ ಯಾರದೋ ಅತ್ತಿಗೆ ಚಹಾ ಕುಡಿಯುತ್ತಾರೆ, ಅಂಗಳದ ಹೆಂಗಸರು ನೀರು ಕುಡಿಯದೆ ಕೂರುತ್ತಾರೆ. ನನಗೆ ಊಟ ಸೇರಲಿಲ್ಲ, ಇದು ಶುಗರ್ ಮೇಡಂಗೆ ಸಣ್ಣ ಸಂಗತಿಯಲ್ಲ.

ಆಕ್ಷೇಪಣೆ ಸಲ್ಲಿಸಿದೆವು. ವಿಚಾರಣೆಗೆ ಬಂದ ಚುನಾವಣಾಧಿಕಾರಿ ಬಯಲುಸೀಮೆಯವರು, ನಮ್ಮ ಪದ್ಧತಿ ಅವರಿಗೆ ಹೊಸತು. “ಸತ್ತವರು ಯಾರು, ಬದುಕಿರುವವರು ಯಾರು, ಒಬ್ಬೊಬ್ಬರಾಗಿ ಮುಂದೆ ಬನ್ನಿ” ಎಂದರು. ಸಾವಿತ್ರಕ್ಕ ಒಬ್ಬರೇ ಮುಂದೆ ಹೋಗಿ ನಿಂತರು. ನಾಗೇಶ ಯಲ್ಲಾಪುರದಿಂದ ಬಂದು ಕೈಮುಗಿದು, “ಇವರನ್ನ ಸಾಯಿಸಿದ್ದು ನಾನೇ ಸರ್” ಎಂದು ಒಪ್ಪಿಕೊಂಡ. ಅಧಿಕಾರಿಗಳು ನೀರು ತರಿಸಿ ಕುಡಿದರು. ದಾಖಲೆಗಳನ್ನು ಕೇಳಿದರೆ ಸರಕಾರವೂ ನಮ್ಮ ಸಂಘದ ಹಾಗೆಯೇ ಎರಡಾಗಿತ್ತು. ಶಾಲೆಯ ದಾಖಲೆ ನೋಡಿ ಮಾಡಿದ ಆಧಾರ್ ಕಾರ್ಡಿನಲ್ಲಿ ಯಮುನಾ, ಗಂಡನ ಮನೆಯ ರೇಷನ್ ಕಾರ್ಡಿನಲ್ಲಿ ಸಾವಿತ್ರಿ. ಇಬ್ಬರೂ ಒಬ್ಬಳೇ ಎಂದು ಅಫಿಡವಿಟ್ ಆಯಿತು. ಅಧಿಕಾರಿಗಳು ಎಲ್ಲ ಓದಿ, ಯಮುನಾ ಬದುಕಿದ್ದಾಳೆ ಎಂದು ಆದೇಶ ಬರೆದರು. ಒಂದು ಷರತ್ತು: ಇಬ್ಬರನ್ನೂ ಕೂಡಿಸಿ, ಒಂದೇ ಹೆಸರು ಉಳಿಸಿ, ಇನ್ನೊಂದನ್ನು ತೆಗೆಯತಕ್ಕದ್ದು. ಯಾವುದು ಉಳಿಯಬೇಕೆಂದು ಸದಸ್ಯೆಯೇ ಹೇಳಬೇಕು.

ನಾವೆಲ್ಲ ಬಸವರಾಜನ ಕಂಪ್ಯೂಟರಿನ ಸುತ್ತ ನಿಂತೆವು. ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ. ನಲವತ್ತು ವರ್ಷ ಸಂಸಾರ ಮಾಡಿದ ಹೆಸರು ಸಾವಿತ್ರಿ, ಸಭೆಯಲ್ಲಿ ಎದ್ದು ನಿಂತು ಕೇಳಿದ ಹೆಸರು ಸಾವಿತ್ರಿ. ಬಸವರಾಜ ಆಗಲೇ ಅದರ ಮೇಲೆ ಬಾಣ ತಂದು ನಿಲ್ಲಿಸಿದ್ದ. “ಸಾವಿತ್ರಿನ ಇಡೂಣ ಅಲ್ರಿ ಅಕ್ಕಾರ? ಸಿದ್ದಾಪುರದ ಮತ ಎಲ್ಲಾ ಆ ಹೆಸರಿಗೇ ಬರ್ತಾವು” ಎಂದ.

ಸಾವಿತ್ರಕ್ಕ ಪರದೆಯನ್ನೇ ನೋಡುತ್ತ ನಿಂತಿದ್ದರು. ಅಲ್ಲಿ ಎರಡು ಹೆಸರೂ ಅಕ್ಕಪಕ್ಕ ಇದ್ದವು. ಯಮುನಾ ಎಂದು ಬರೆದ ಕಡೆ ಅವರು ತಂದ ಅಡಿಕೆ, ಮೆಣಸು, ಒಂದರ ಕೆಳಗೊಂದು ಪರದೆ ತುಂಬ. ಸಾವಿತ್ರಿಯ ಕಡೆ ಬರೀ ಹಾಜರಿ. “ದುಡಿದಿದ್ದು ಯಮುನಾ” ಎಂದರು ಮೆಲ್ಲಗೆ. “ಸಾವಿತ್ರಿ ಬಂದು ಕೂತಿದ್ದು ಅಷ್ಟೇಯ. ಕೂತವಳು ಎದ್ದು ಹೋಗ್ಲಿ ಬಿಡು.”

ಬಸವರಾಜ ನನ್ನ ಮುಖ ನೋಡಿದ. ಯಮುನಾ ಹೆಸರಿನ ಮೇಲೆ ಬಾಣ ಇಡು ಎಂದು ಕೈ ತೋರಿಸಿದೆ. ಆ ಹರಿವಾಣದ ಅಕ್ಕಿಯ ಮುಂದೆ ಕೂತಾಗ ಯಾವ ಹೆಸರು ಬೇಕು ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದು ನಮ್ಮ ಬೆಪ್ಪು ಕಂಪ್ಯೂಟರು. ಮೊದಲ ಬಾರಿಗೆ ನನಗೆ ಅದರ ಮೇಲೆ ಪ್ರೀತಿ ಬಂತು. ಸಂತೋಷ ಆಯಿತು ಎಂದು ಬಾಯಿಬಿಟ್ಟು ಹೇಳಿದೆ, ಹೇಳಿದ ಮೇಲೆ ಹೆದರಿಕೆಯೂ ಆಯಿತು.

ಹೆದರಿಕೆಗೆ ಕಾರಣವಿತ್ತು. ಸಿದ್ದಾಪುರದಲ್ಲಿ ಯಮುನಾ ಎಂದರೆ ಯಾರಿಗೂ ಗೊತ್ತಿಲ್ಲ. ಯಲ್ಲಾಪುರದಲ್ಲಿ ಎಲ್ಲರಿಗೂ ಗೊತ್ತು, ಆದರೆ ತೀರಿಕೊಂಡಿದ್ದಾರೆ ಎಂದು ಸುದ್ದಿ. ನಮ್ಮ ಸಂತಾಪದ ಸಂದೇಶ ಹೋದದ್ದು ಅವರೊಬ್ಬರಿಗೇ ಅಲ್ಲ, ಅವರ ತವರೂರಿನಲ್ಲಿ ರೇಂಜು ಸಿಗುವ ಆ ಒಂದೇ ಮನೆಗೂ ಹೋಗಿತ್ತು. ಅಲ್ಲಿಂದ ಊರಿಗೆ ಊರೇ ಕಣ್ಣೊರೆಸಿಕೊಂಡಿತ್ತು. ಅಂದರೆ ಅವರು ಚುನಾವಣೆಗೆ ನಿಂತದ್ದು ಒಂದು ತಾಲೂಕಿನಲ್ಲಿ ಅಪರಿಚಿತೆಯಾಗಿ, ಇನ್ನೊಂದರಲ್ಲಿ ದಿವಂಗತೆಯಾಗಿ. ಎದುರು ನಿಂತವರಿಗೆ ಖುಷಿಯೋ ಖುಷಿ.

ಸಾವಿತ್ರಕ್ಕ, ಅಲ್ಲ, ಯಮುನಕ್ಕ (ನನಗಿನ್ನೂ ರೂಢಿಯಾಗಿಲ್ಲ) ಮನೆಮನೆಗೆ ಹೊರಟರು. ಸಿದ್ದಾಪುರದ ಕಡೆ ಹೋಗಿ, ನಾನೇ ಯಮುನಾ, ಹುಟ್ಟಿದಾಗಿನ ಹೆಸರು ಎಂದರು. ಹೆಂಗಸರು ಬಾಗಿಲ ಮರೆಯಿಂದ ಈಚೆ ಬಂದು ಅವರನ್ನು ಕೂರಿಸಿಕೊಂಡು, ತಮ್ಮ ತಮ್ಮ ಹಳೆಯ ಹೆಸರು ಹೇಳಿಕೊಂಡರಂತೆ. ಎಷ್ಟೋ ಕಾಲದಿಂದ ನೆರೆಮನೆಯವರಾಗಿದ್ದವರಿಗೂ ಒಬ್ಬರ ಹೆಸರು ಒಬ್ಬರಿಗೆ ಗೊತ್ತಾದದ್ದು ಆವತ್ತು. ಯಲ್ಲಾಪುರದ ಕಡೆ ಅವರನ್ನು ಕಂಡ ಒಬ್ಬ ಅಜ್ಜಿ ಚಹಾ ಕೊಡುವ ಮೊದಲು ಕೈ ಮುಟ್ಟಿ ನೋಡಿದರು. ಶಿರಸಿ ತಾಲೂಕಿನ ಎಕ್ಕಂಬಿ ಕಡೆಯ ಹೆಂಗಸರನ್ನು ಬಸವರಾಜನ ಹೆಂಡತಿಯೇ ಕಂಡು ಬಂದಳು. ಶೌಚಾಲಯದ ಮಾತು ತೆಗೆದರೆ ಎಲ್ಲಿಯೂ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮತದಾನದ ದಿನ ಯಾವತ್ತೂ ಬಾರದ ಹೆಂಗಸರೆಲ್ಲ ಬಂದರು. ಅರ್ಧ ಜನ ಮತ ಹಾಕಲು, ಅರ್ಧ ಜನ ಸತ್ತು ಬಂದವರನ್ನು ಒಮ್ಮೆ ನೋಡಿ ಹೋಗಲು, ಬಂದ ಮೇಲೆ ಹೇಗೂ ಬಂದದ್ದೇ ಎಂದು ಮತವನ್ನೂ ಹಾಕಿದರು. ಯಮುನಕ್ಕ ಗೆದ್ದರು. ದೊಡ್ಡ ಅಂತರವೇನಲ್ಲ, ಆದರೆ ಗೆದ್ದರು. ಆಡಳಿತ ಮಂಡಳಿಯ ಮೊದಲ ಸಭೆಯಲ್ಲಿ ಅಧ್ಯಕ್ಷರು ರೂಢಿಯಂತೆ ಪರಿಶೀಲಿಸಲಾಗುವುದು ಎಂದರಂತೆ. ಯಮುನಕ್ಕ, ಅಡ್ಡಿಲ್ಲ, ಪರಿಶೀಲನೆ ಮುಗಿಯುವವರೆಗೆ ಯಾರೂ ಎದ್ದು ಹೊರಗೆ ಹೋಗುವುದು ಬೇಡ ಎಂದು ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತರು. ಚಹಾ ಎರಡು ಸುತ್ತು ಆಗಿತ್ತು. ಮೂರನೆಯದು ಬರುವ ಮೊದಲೇ ಠರಾವು ಪಾಸಾಯಿತು.

ಬಸವರಾಜ ಈಗ ಕಾರಣಗಳ ಸಾಲಿಗೆ ‘ಮದುವೆ’ ಎಂದು ಸೇರಿಸಿದ್ದಾನೆ. ಏಕೀಕರಣ ಇನ್ನೂ ನಡೆದೇ ಇದೆ, ನನ್ನ ನಿವೃತ್ತಿಯವರೆಗೂ ನಡೆಯುತ್ತದೆ. ಜೋನಿಬೆಲ್ಲದವಳೂ ಮಾತ್ರೆಯವಳೂ ಒಬ್ಬಳೇ ಎಂದು ಕಂಪ್ಯೂಟರಿಗೆ ಗೊತ್ತಾಗಿ, ಕಿರಾಣಿಯಿಂದ ಫೋನು ಬರುವುದು ನಿಂತಿದೆ. ಒಂದುಗೂಡಿಸುವುದು ಸುಲಭ, ಯಾರಿಗೆ ಏನು ಬೇಕಾಗಿದೆ ಎಂದು ಕೇಳಿ ಒಂದುಗೂಡಿಸುವುದು ಕಷ್ಟ ಎಂದಷ್ಟೇ ನಾನು ಕಲಿತದ್ದು.

ಶೌಚಾಲಯ ಕಟ್ಟಿ ಮುಗಿದ ದಿನ ನಾನೂ ಹೋಗಿದ್ದೆ. ಗೋಡೆಯ ಮೇಲೆ ಕೂರಿಸಲು ಒಂದು ಕಲ್ಲು ತಯಾರಾಗಿತ್ತು. ಬರೆಯುವವನು ಬಣ್ಣದ ಡಬ್ಬಿ ಹಿಡಿದು ಯಮುನಕ್ಕನ ಹತ್ತಿರ ಬಂದ. ಕಟ್ಟಿಸಿದವರ ಹೆಸರು ಹಾಕಬೇಕಲ್ಲ, ಕೆಲವರು ಯಮುನಾ ಅಂತಾರೆ, ಕೆಲವರು ಸಾವಿತ್ರಿ ಅಂತಾರೆ, ಯಾವುದು ಬರೆಯಲಿ ಎಂದು ಕೇಳಿದ. ಅಧ್ಯಕ್ಷರು, ನಾಗೇಶ, ನಾನು ಎಲ್ಲ ಅವರ ಬಾಯಿ ನೋಡುತ್ತ ನಿಂತೆವು. ಯಮುನಕ್ಕ ಅಂಗಳದ ಕಡೆ ತಿರುಗಿ, ಮೂಟೆಗಳ ಹತ್ತಿರ ಕೂತಿದ್ದ ಹೆಂಗಸರನ್ನೊಮ್ಮೆ ನೋಡಿದರು.

“‘ಹೆಂಗಸರು’ ಅಂತ ದೊಡ್ಡದಾಗಿ ಬರಿ ಮಾರಾಯ, ಸಾಕು. ಓಡಿ ಬಂದವಳಿಗೆ ಹೆಸರು ಓದ್ಲಿಕ್ಕೆ ಪುರಸೊತ್ತು ಇರೂದಿಲ್ಲ.”